ಸಿಗ್ನಲ್‌ನಲ್ಲಿ ಬೆಚ್ಚಗೆ, ಹೈವೇಯಲ್ಲಿ ತಣ್ಣಗೆ: ಕಾರಿನ ಎಸಿಗೆ ಏನಾಗಿದೆ?

ಪ್ರಶ್ನೆ: ನನ್ನದು 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 82,000 ಕಿಲೋಮೀಟರ್ ಓಡಿದೆ. ದಾವಣಗೆರೆ ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ಎಸಿಯಿಂದ ಬೆಚ್ಚನೆ ಗಾಳಿ ಬರುತ್ತದೆ. ಹೈವೇ ಹತ್ತಿ ಚಿತ್ರದುರ್ಗದ ಕಡೆ ಐದು ನಿಮಿಷ ಓಡಿಸಿದರೆ ಮತ್ತೆ ತಣ್ಣಗಾಗುತ್ತದೆ. ಎರಡು ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದೆ. ಈಗ ಕಂಪ್ರೆಸರ್ ಹೋಗಿದೆ, 24,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋದಾಗ ಹೀಟರ್ ಉಗುರುಬೆಚ್ಚಗೂ ಇರಲಿಲ್ಲ. ಮುಂದಿನ ಗಾಜೆಲ್ಲ ಮಂಜು. ಇಂಜಿನ್ ಬಿಸಿ ತೋರಿಸುವ ಮುಳ್ಳು ಕೂಡ ಮೇಲೆ ಏರಲೇ ಇಲ್ಲ. ಎರಡು ವರ್ಷದ ಹಿಂದೆ ಟ್ರಾಫಿಕ್‌ನಲ್ಲಿ ಇಂಜಿನ್ ಹೀಟ್ ಆಗುತ್ತಿತ್ತು, ಒಬ್ಬರು ಅರ್ಧ ಗಂಟೆಯಲ್ಲಿ ಏನೋ ವಾಲ್ವ್ ತೆಗೆದು ಸರಿ ಮಾಡಿಕೊಟ್ಟಿದ್ದರು. ಕಂಪ್ರೆಸರ್ ಹಾಕಿಸಿಬಿಡಲೇ?

ಉತ್ತರ: ಸದ್ಯಕ್ಕೆ ಬೇಡ ಮೇಡಂ. ಆ ದುಡ್ಡು ನಿಮ್ಮ ಹತ್ತಿರವೇ ಇರಲಿ.

ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಆ ವಾಲ್ವ್ ಮಾತು ಇದೆಯಲ್ಲ, ನನಗೆ ಅದೇ ಮುಖ್ಯ ಅನಿಸಿತು. ಇಂಜಿನ್ ಹೀಟ್ ಆಗಿದ್ದು, ಎಸಿ ಸಿಗ್ನಲ್‌ನಲ್ಲಿ ಸೋಲುವುದು, ಮಡಿಕೇರಿಯಲ್ಲಿ ಹೀಟರ್ ಕೈಕೊಟ್ಟಿದ್ದು, ಇವು ಮೂರು ಬೇರೆ ಬೇರೆ ಕಾಯಿಲೆ ಅಂತ ನೀವು ಅಂದುಕೊಂಡಿದ್ದೀರಿ. ಮೂರರ ಹಿಂದೆಯೂ ಒಂದೇ ಫ್ಯಾನ್ ಇರಬಹುದು ಅನ್ನುವುದು ನನ್ನ ಗುಮಾನಿ. ಗುಮಾನಿ ಸರಿಯೋ ತಪ್ಪೋ ಎಂದು ನೀವೇ ಮನೆ ಮುಂದೆ ನೋಡಬಹುದು. ಅದಕ್ಕೆ ಒಂದು ಹಾಳೆ ಪೇಪರ್ ಮತ್ತು ಒಂದು ಟೇಬಲ್ ಫ್ಯಾನ್ ಸಾಕು.

ಮೊದಲು ಗ್ಯಾಸ್ ವಿಷಯ. ಎಸಿ ಗ್ಯಾಸ್ ಪೆಟ್ರೋಲ್ ಇದ್ದಂತಲ್ಲ, ಓಡಿಸಿದಷ್ಟೂ ಖರ್ಚಾಗುವುದಿಲ್ಲ. ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರ್‌ನ ಮುಂದಿರುವ ಕಂಡೆನ್ಸರ್‌ನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಆ ದ್ರವ ಸಣ್ಣ ಕಿಂಡಿಯ ಎಕ್ಸ್‌ಪ್ಯಾನ್ಶನ್ ವಾಲ್ವ್ ದಾಟಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ಮತ್ತೆ ಗ್ಯಾಸ್ ಆಗುತ್ತದೆ. ಹಾಗೆ ಕುದಿಯುವಾಗ ಕಾರಿನೊಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ನಿಮ್ಮ ಕಾಲದ ಕಾರುಗಳಲ್ಲಿ ಇರುವುದು ಆರ್-134ಎ. ಬಯಲಲ್ಲಿ ಬಿಟ್ಟರೆ ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ವಸ್ತು ಅದು. ಇಡೀ ಕಾರಿಗೆ ಅರ್ಧ ಕೆಜಿಯ ಆಸುಪಾಸು ಇದ್ದರೆ ಆಯಿತು.

ಅಂದಮೇಲೆ ಗ್ಯಾಸ್ ಕಡಿಮೆಯಾಗಿದ್ದರೆ ಅದು ಸೋರಿದೆ ಅಂತಲೇ ಅರ್ಥ. ವರ್ಷಗಟ್ಟಲೆ ಕಾಲದಲ್ಲಿ ರಬ್ಬರ್ ಪೈಪ್, ಸೀಲುಗಳಿಂದ ಸ್ವಲ್ಪ ಹೋಗುವುದು ಸಹಜ. ಒಂದೇ ವರ್ಷಕ್ಕೆ ಖಾಲಿಯಾಗುವುದು ಸಹಜವಲ್ಲ. ಎಲ್ಲಿ ಸೋರುತ್ತಿದೆ ಎಂದು ಹುಡುಕದೆ ಎರಡು ಸಲ ತುಂಬಿದವರು ಪಂಕ್ಚರ್ ಹಾಕದೆ ಗಾಳಿ ಹೊಡೆದು ಕಳಿಸಿದಂತೆ. ಅಥವಾ ಗ್ಯಾಸ್ ಕಡಿಮೆ ಆಗಿರಲೇ ಇಲ್ಲ. ನಿಮ್ಮ ಕಾರಿನಲ್ಲಿ ಆಗಿರುವುದು ಎರಡನೆಯದು ಅನಿಸುತ್ತದೆ. ಸೋರಿಕೆಯಾದ ಕಾರು ಹೈವೇಯಲ್ಲೂ ದಿನೇ ದಿನೇ ಸೊರಗುತ್ತದೆ. ನಿಮ್ಮದು ಹೈವೇಯಲ್ಲಿ ಈಗಲೂ ಚೆನ್ನಾಗಿ ತಣ್ಣಗಾಗುತ್ತಿದೆ.

ಹಾಗಾದರೆ ಹೈವೇಯಲ್ಲಿ ಬದಲಾಗುವುದು ಏನು? ಎರಡು ಸಂಗತಿ. ಒಂದು, ಇಂಜಿನ್ ಜೋರಾಗಿ ತಿರುಗುತ್ತದೆ, ಜತೆಗೆ ಕಂಪ್ರೆಸರ್ ಕೂಡ. ಇನ್ನೊಂದು, ಕಂಡೆನ್ಸರ್‌ಗೆ ಎದುರುಗಾಳಿ ಧಾರಾಳವಾಗಿ ಸಿಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಎರಡೂ ಇಲ್ಲ. ಆಗ ಗಾಳಿ ಎಳೆಯಬೇಕಾದದ್ದು ಫ್ಯಾನ್. ಕಂಪ್ರೆಸರ್ ಸುಸ್ತಾಗಿದ್ದರೂ ಫ್ಯಾನ್ ಕೈಕೊಟ್ಟರೂ ಕಾಣುವ ಲಕ್ಷಣ ಒಂದೇ. ಸಿಗ್ನಲ್‌ನಲ್ಲಿ ಬೆಚ್ಚಗೆ, ಹೈವೇಯಲ್ಲಿ ತಣ್ಣಗೆ. ನಿಮಗೆ ಕಂಪ್ರೆಸರ್ ಎಂದು ಹೇಳಿದವರು ಸುಳ್ಳು ಹೇಳಿದ್ದಾರೆ ಅಂತಲ್ಲ, ಇವೆರಡನ್ನು ಬೇರೆ ಮಾಡಿ ನೋಡಿಲ್ಲ ಅಷ್ಟೇ.

ಬೇರೆ ಮಾಡುವುದು ಹೀಗೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕಾರನ್ನು ಬಯಲಲ್ಲಿ ನಿಲ್ಲಿಸಿ. ಬಾಗಿಲು ಹಾಕಿದ ಗ್ಯಾರೇಜಿನೊಳಗೆ ಇಂಜಿನ್ ಓಡಿಸಬೇಡಿ, ಹೊಗೆ ಪ್ರಾಣಕ್ಕೆ ಅಪಾಯ. ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಎಸಿಯನ್ನು ಪೂರ್ತಿ ತಂಪಿಗೆ ಇಡಿ. ಟಕ್ ಎಂದು ಒಂದು ಸದ್ದು ಕೇಳಬೇಕು. ಅದು ಕಂಪ್ರೆಸರನ್ನು ಇಂಜಿನ್‌ಗೆ ಜೋಡಿಸುವ, ಬಿಡಿಸುವ ಮ್ಯಾಗ್ನೆಟಿಕ್ ಕ್ಲಚ್ ಹಿಡಿದ ಸದ್ದು. ಅದರ ಜತೆಗೋ ಸ್ವಲ್ಪ ಹೊತ್ತಿನಲ್ಲೋ ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾಗಬೇಕು. ಇಂಜಿನ್ ಬಿಸಿಯಾಗುವವರೆಗೆ ಅದು ಕಾಯಬಾರದು. ಎರಡು ಮೂರು ನಿಮಿಷವಾದರೂ ಫ್ಯಾನ್ ಅಲುಗದೆ, ಆಮೇಲೆ ಇಂಜಿನ್ ಕಾದಾಗ ಒಮ್ಮೆಲೇ ಜೋರಾಗಿ ಓಡಿದರೆ ಅದರ ನಿಧಾನದ ವೇಗ ಹೋಗಿದೆ. ಸುಮಾರು ಕಾರುಗಳಲ್ಲಿ ಆ ವೇಗಕ್ಕೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ, ಅದು ಸುಟ್ಟುಹೋಗುತ್ತದೆ. ಫ್ಯಾನ್ ಏಳುವುದೇ ಇಲ್ಲವಾದರೆ ಫ್ಯೂಸ್, ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ, ಇಲ್ಲವೇ ಮೋಟರೊಳಗೆ ಕರೆಂಟ್ ದಾಟಿಸುವ ಬ್ರಷ್ ಸವೆದಿರುವುದು. ಬ್ರಷ್ ಸವೆದ ಮೋಟರನ್ನು ಕೋಲಿನಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಎದ್ದು ತಿರುಗುತ್ತದೆ, ಹಳೇ ರೇಡಿಯೋಗೆ ತಟ್ಟುತ್ತಿದ್ದೆವಲ್ಲ, ಹಾಗೆ. ಒಂದು ಮಾತು: ಆ ಫ್ಯಾನ್ ಯಾವಾಗ ಬೇಕಾದರೂ ತಿರುಗೀತು, ಇಂಜಿನ್ ಆಫ್ ಮಾಡಿದ ಮೇಲೂ. ಸೆರಗು, ದುಪಟ್ಟಾ, ಕೈ, ಎಲ್ಲ ದೂರ.

ಫ್ಯಾನ್ ತಿರುಗಿತು ಅಂದಮಾತ್ರಕ್ಕೆ ಪಾಸ್ ಮಾಡಬೇಡಿ. ಈಗ ಪೇಪರ್ ಹಾಳೆಯನ್ನು ಕಾರಿನ ಮುಂಭಾಗದ ಗ್ರಿಲ್ ಮುಂದೆ ಹಿಡಿಯಿರಿ. ಹಾಳೆ ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಸೋಮಾರಿಯಾಗಿ ಜೋತುಬಿದ್ದರೆ ಮೋಟರ್ ಸೊರಗಿದೆ, ಅಥವಾ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಧೂಳು, ಹುಳ, ಒಣಹುಲ್ಲು ತುಂಬಿಕೊಂಡಿದೆ. ಹಾಳೆ ಹೊರಕ್ಕೆ ಹಾರಿದರೆ? ನಗಬೇಡಿ, ಹಾಗೂ ಆಗುತ್ತದೆ. ಮೋಟರ್ ಬದಲಾಯಿಸಿದವರು ವೈರ್ ಅದಲುಬದಲು ಕೊಟ್ಟಿದ್ದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿರುವಂತೆ ಕಾಣುತ್ತದೆ.

ಈಗ ಟೇಬಲ್ ಫ್ಯಾನ್. ಮಧ್ಯಾಹ್ನದ ಬಿಸಿಲಲ್ಲಿ ಕಾರನ್ನು ಹದಿನೈದು ನಿಮಿಷ ಐಡಲಿಂಗ್‌ನಲ್ಲಿ ನಿಲ್ಲಿಸಿ, ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವಂತೆ ಇಡಿ. ಗಾಳಿ ಬರುವ ನಡುವಿನ ಕಿಂಡಿಗೆ ಒಂದು ಥರ್ಮಾಮೀಟರ್ ಸಿಕ್ಕಿಸಿ. ಜ್ವರ ನೋಡುವುದು ಆಗದು, ಸೊನ್ನೆಯಿಂದ ತೋರಿಸುವ ಅಡುಗೆಮನೆಯದ್ದು ಬೇಕು. ಬೆಚ್ಚಗಾಗಲು ಶುರುವಾದ ಮೇಲೆ ಬೇರೇನೂ ಮುಟ್ಟದೆ, ಗ್ರಿಲ್ ಮುಂದೆ ಟೇಬಲ್ ಫ್ಯಾನ್ ಇಟ್ಟು ಜೋರಾಗಿ ಹಾಕಿ. ಐದು ನಿಮಿಷದಲ್ಲಿ ಮುಳ್ಳು ನಾಲ್ಕೈದು ಡಿಗ್ರಿ ಇಳಿದರೆ ನಿಮ್ಮ ಕಂಪ್ರೆಸರ್‌ಗೆ ಏನೂ ಆಗಿಲ್ಲ. ಅದು ಅದೇ ವೇಗದಲ್ಲೇ ತಿರುಗುತ್ತಿದೆ, ಬದಲಾಗಿದ್ದು ಗಾಳಿ ಮಾತ್ರ, ಅಲ್ವಾ? ನಮ್ಮ ಕಡೆ ಮೆಕ್ಯಾನಿಕ್‌ಗಳು ಇದನ್ನೇ ಕಂಡೆನ್ಸರ್ ಮೇಲೆ ಒಂದು ಮಗ್ ನೀರು ಹಾಕಿ ನೋಡುತ್ತಾರೆ. ಅದೂ ಸರಿಯೇ. ಆದರೆ ನೀರು ವೈರ್‌ಗಳ ಮೇಲೆ ಚೆಲ್ಲುವ ಬದಲು ನಿಮಗೆ ಫ್ಯಾನೇ ಸುಲಭ.

ಇದಕ್ಕೆ ಉಲ್ಟಾ ಪರೀಕ್ಷೆಯೂ ಇದೆ. ಟೇಬಲ್ ಫ್ಯಾನ್ ತೆಗೆದು, ಯಾರಾದರೂ ಆಕ್ಸಿಲರೇಟರ್ ಒತ್ತಿ 2,000 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿಯಲಿ. ಗಾಳಿ ಅಷ್ಟೇ ಇದ್ದು, ಬರೀ ವೇಗಕ್ಕೇ ತಂಪು ಹೆಚ್ಚಾದರೆ ಆಗ ಕಂಪ್ರೆಸರ್ ಮೇಲೆ ಅಥವಾ ಗ್ಯಾಸ್ ಕಡಿಮೆ ಇರುವ ಮೇಲೆ ಸಂಶಯಪಡಿ. ಫ್ಯಾನ್ ಕೆಟ್ಟ ಕಾರಿನಲ್ಲಿ ಹೀಗೆ ಒತ್ತಿದರೆ ಹೆಚ್ಚಾಗಿ ಇನ್ನಷ್ಟು ಬೆಚ್ಚಗಾಗುತ್ತದೆ.

ಈ ಪರೀಕ್ಷೆಗಳನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೇ ಒಬ್ಬರಿಗೆ ಒಳ್ಳೆಯ ಕಂಪ್ರೆಸರ್ ಬಿಚ್ಚಿ ಹೊಸದು ಹಾಕಿದ್ದೆ. ವಾರದೊಳಗೆ ಅದೇ ದೂರು ಹೊತ್ತು ಬಂದರು. ಹೋಗಿದ್ದದ್ದು ಫ್ಯಾನಿನ ರಿಲೇ. ಅವರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೇ ಸಮಾಧಾನವಾಗುತ್ತಿತ್ತು.

ನಿಮ್ಮ ಮೆಕ್ಯಾನಿಕ್ ಕಂಪ್ರೆಸರ್ ಎಂದಿದ್ದು ಯಾಕಿರಬಹುದು? ಬಹುಶಃ ಕ್ಲಚ್ ಪದೇ ಪದೇ ಬಿಟ್ಟುಕೊಳ್ಳುವುದನ್ನು ಅವರು ನೋಡಿದ್ದಾರೆ. ಕಂಡೆನ್ಸರ್‌ಗೆ ಗಾಳಿ ಸಿಗದಿದ್ದರೆ ಬಿಸಿ ಹೊರಹೋಗುವುದಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಬೇಸಿಗೆಯಲ್ಲಿ ಹೈ ಸೈಡ್, ಅಂದರೆ ಕಂಪ್ರೆಸರ್ ಒತ್ತಿ ಕಳಿಸುವ ಕಡೆಯ ಒತ್ತಡ, 200ರಿಂದ 270 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಅಳತೆ) ಇರುವುದು ಸರಿ. 400 ದಾಟಿ ಇನ್ನೂ ಮೇಲೆ ಹೋದರೆ ಪೈಪ್ ಒಡೆಯದಿರಲೆಂದು ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ಆಫ್ ಮಾಡುತ್ತದೆ. ಇಂಜಿನ್ ಅತಿಯಾಗಿ ಕಾದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್ ಕೂಡ ಎಸಿಯನ್ನು ಬಿಡಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಕಂಪ್ರೆಸರ್ ನಿಂತು ನಿಂತು ಓಡುತ್ತಿದೆ ಅನಿಸುತ್ತದೆ. ನಿಜಕ್ಕೂ ಅದು ತನ್ನನ್ನು ತಾನು ಉಳಿಸಿಕೊಳ್ಳುತ್ತಿದೆ.

ಅದರ ಮೇಲೆ ಎರಡು ಸಲ ಗ್ಯಾಸ್. ಇಲ್ಲಿ ನಮ್ಮಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ಗ್ಯಾಸ್ ಎಷ್ಟಿದೆ ಎಂದು ಒತ್ತಡ ನೋಡಿ ಅಂದಾಜು ಮಾಡುವುದು. ಮನೆಯ ಎಲ್‌ಪಿಜಿ ಸಿಲಿಂಡರ್ ನೆನಪು ಮಾಡಿಕೊಳ್ಳಿ. ತುಂಬಿದ್ದಾಗಲೂ ಕಾಲು ಭಾಗ ಉಳಿದಾಗಲೂ ಉರಿ ಒಂದೇ ಥರ ಇರುತ್ತದೆ. ಎಷ್ಟಿದೆ ಅಂತ ತಿಳಿಯಲು ನಾವು ಉರಿ ನೋಡುವುದಿಲ್ಲ, ಸಿಲಿಂಡರ್ ಎತ್ತಿ ನೋಡುತ್ತೇವೆ. ಕಾರಿನ ಗ್ಯಾಸ್ ಕೂಡ ಹಾಗೆಯೇ. ಇಂಜಿನ್ ಆಫ್ ಇರುವಾಗ, ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ, ಒತ್ತಡ ಹೇಳುವುದು ಹೊರಗಿನ ಬಿಸಿಲನ್ನು ಮಾತ್ರ. 30 ಡಿಗ್ರಿಗೆ ಸುಮಾರು 97 ಪಿಎಸ್‌ಐ, 35ಕ್ಕೆ ಸುಮಾರು 114. ಇನ್ನೂರು ಗ್ರಾಂ ಇದ್ದರೂ ಐನೂರು ಗ್ರಾಂ ಇದ್ದರೂ ಅಷ್ಟೇ. ಹಾಗಾಗಿ ಸರಿಯಾದ ದಾರಿ ಒಂದೇ. ಇರುವ ಗ್ಯಾಸನ್ನು ಮೆಷಿನ್‌ನಲ್ಲಿ ಹೊರತೆಗೆದು ತೂಕ ನೋಡುವುದು, ಅರ್ಧ ಗಂಟೆಯಾದರೂ ಪೈಪಿನೊಳಗಿನ ಗಾಳಿ, ತೇವ ಎಳೆದುಹಾಕಿ ವ್ಯಾಕ್ಯೂಮ್ ಮಾಡುವುದು, ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುವಷ್ಟೇ ಗ್ರಾಂ ತುಂಬುವುದು. ಇರುವುದರ ಮೇಲೆ ಇನ್ನೊಂದು ಕ್ಯಾನ್ ಸುರಿದರೆ ಜಾಸ್ತಿಯಾಗುತ್ತದೆ, ಜಾಸ್ತಿಯಾದ ಗ್ಯಾಸ್ ಸಿಗ್ನಲ್‌ನಲ್ಲಿ ಒತ್ತಡವನ್ನು ಇನ್ನೂ ಏರಿಸುತ್ತದೆ. ಸರಿಮಾಡಲು ಹೋಗಿ ಹೆಚ್ಚು ಮಾಡಿದಂತೆ.

ತುಂಬಿಸಿದ ಮೇಲೆ ಒಂದಷ್ಟು ದಿನ ಚೆನ್ನಾಗಿತ್ತಲ್ಲ ಎಂದು ನೀವು ಕೇಳಬಹುದು. ಗ್ಯಾಸ್ ತುಂಬುವಾಗ ಕಂಡೆನ್ಸರ್‌ಗೆ ನೀರು ಹೊಡೆದು ತೊಳೆಯುವುದು ರೂಢಿ. ತೊಳೆದ ಕಂಡೆನ್ಸರ್ ಕಡಿಮೆ ಗಾಳಿಯಲ್ಲೂ ಸ್ವಲ್ಪ ದಿನ ದುಡಿಯುತ್ತದೆ. ಅಷ್ಟರಲ್ಲಿ ಮುಂಗಾರು ಬಂದರೆ ಮುಂದಿನ ಮಾರ್ಚ್‌ವರೆಗೆ ದೂರೇ ಇಲ್ಲ. ಕ್ಯಾನ್ ಗ್ಯಾಸ್ ವಿಷಯದಲ್ಲಿ ಇನ್ನೂ ಒಂದು ಎಚ್ಚರ. ತೀರಾ ಅಗ್ಗದ ಕ್ಯಾನ್‌ನಲ್ಲಿ ಕಲಬೆರಕೆ ಇರಬಹುದು. 2011ರಲ್ಲಿ ಹಡಗಿನ ಫ್ರಿಜ್ ಕಂಟೇನರ್‌ಗಳು ಸ್ಫೋಟಿಸಿ ಕೆಲಸಗಾರರು ಸತ್ತರು. ಆರ್-134ಎ ಎಂದು ಅವುಗಳಿಗೆ ತುಂಬಿದ್ದ ಗ್ಯಾಸ್‌ನಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು, ಅದು ಅಲ್ಯೂಮಿನಿಯಂ ಜತೆ ಸೇರಿ ಅಪಾಯದ ವಸ್ತುವಾಗುತ್ತದೆ. ಕಾರಿನ ಎಸಿ ತುಂಬ ಅಲ್ಯೂಮಿನಿಯಂ ಇದೆ.

ಇನ್ನು ಹೀಟರ್. ಆ "ಏನೋ ವಾಲ್ವ್" ಥರ್ಮೋಸ್ಟಾಟ್ ವಾಲ್ವ್ ಇರಲೇಬೇಕು. ಒಳಗೆ ಮೇಣ ತುಂಬಿದ ಸಣ್ಣ ಬಾಗಿಲು ಅದು. ಇಂಜಿನ್ ನೀರು ಸುಮಾರು 82ರಿಂದ 88 ಡಿಗ್ರಿ ಮುಟ್ಟುವವರೆಗೆ ಮುಚ್ಚಿಕೊಂಡಿರುತ್ತದೆ, ಆಮೇಲೆ ಮೇಣ ಹಿಗ್ಗಿ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ. ಇಂಜಿನ್ ಹೀಟ್ ಅಂತ ಬಂದವರಿಗೆ ಇದನ್ನು ಕಿತ್ತೆಸೆದು ಕಳಿಸುವುದು ನಮ್ಮಲ್ಲಿ ಹಳೇ ಚಾಳಿ. "ನಮ್ಮ ಊರಿನ ಸೆಖೆಗೆ ಇದು ಬೇಡ ಸಾರ್" ಎಂಬ ಮಾತನ್ನು ನಾನು ಎಷ್ಟು ಗ್ಯಾರೇಜಿನಲ್ಲಿ ಕೇಳಿದ್ದೇನೋ. ಬಾಗಿಲೇ ಇಲ್ಲದ ಮೇಲೆ ನೀರು ಮೊದಲಿಂದಲೇ ರೇಡಿಯೇಟರ್‌ಗೆ ಹರಿಯುತ್ತದೆ. ಹೈವೇಯ ಎದುರುಗಾಳಿಗೆ, ಅದರಲ್ಲೂ ಡಿಸೆಂಬರ್‌ನ ಮಡಿಕೇರಿ ಚಳಿಗೆ, ಇಂಜಿನ್ ಬಿಸಿಯಾಗುವುದೇ ಇಲ್ಲ. ಕಾರಿನ ಹೀಟರ್‌ಗೆ ಬೇರೆ ಒಲೆ ಇಲ್ಲ. ಇಂಜಿನ್‌ನ ಬಿಸಿನೀರೇ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್‌ಗೆ ಬಂದು ಗಾಳಿ ಬಿಸಿ ಮಾಡಬೇಕು. ನೀರೇ ಬೆಚ್ಚಗಿಲ್ಲದಿದ್ದರೆ ಹೀಟರ್ ತಾನೇ ಏನು ಮಾಡೀತು? ಮುಳ್ಳು ಕೆಳಗೇ ಇತ್ತು ಎಂದು ನೀವು ಗಮನಿಸಿ ಬರೆದಿದ್ದು ಒಳ್ಳೆಯದಾಯಿತು.

ಮೈಲೇಜ್ ಕೂಡ ಇಳಿದಿರಬೇಕು, ನೋಡಿ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0128 ಎಂಬ ಕೋಡ್ ಸಿಗಬಹುದು, ನೀರು ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂದು ಅದರ ಅರ್ಥ.

ಅಂದರೆ ಕಥೆ ಹೀಗೆ ನಡೆದಿರಬೇಕು. ಎರಡು ವರ್ಷದ ಹಿಂದೆ ಫ್ಯಾನ್ ಸೊರಗಿತು. ಟ್ರಾಫಿಕ್‌ನಲ್ಲಿ ಇಂಜಿನ್ ಕಾಯಿತು. ಫ್ಯಾನ್ ನೋಡುವ ಬದಲು ಥರ್ಮೋಸ್ಟಾಟ್ ತೆಗೆದರು. ಇಂಜಿನ್‌ನ ಮುಳ್ಳು ಇಳಿದದ್ದರಿಂದ ಎಲ್ಲ ಸರಿಯಾಯಿತು ಅನಿಸಿತು. ಆದರೆ ಅದೇ ಫ್ಯಾನ್‌ನ ಗಾಳಿ ನಂಬಿಕೊಂಡಿದ್ದ ಕಂಡೆನ್ಸರ್‌ಗೆ ಏನೂ ಸಿಗಲಿಲ್ಲ. ಚಿಕ್ಕ ಕಾರುಗಳಲ್ಲಿ ಎರಡಕ್ಕೂ ಸೇರಿ ಒಂದೇ ಫ್ಯಾನ್ ಇರುವುದು ಸಾಮಾನ್ಯ.

ಆದ್ದರಿಂದ ಮೊದಲು ಫ್ಯಾನ್ ಸರಿಮಾಡಿಸಿ. ಕಂಡೆನ್ಸರ್ ತೊಳೆಸುವಾಗ ಸಾದಾ ಪೈಪಿನ ನೀರು ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ತಗಡಿನ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಫ್ಯಾನ್ ಆದ ಮೇಲೆ ನಿಮ್ಮ ಮಾಡೆಲ್‌ನದೇ ಥರ್ಮೋಸ್ಟಾಟ್ ಹಾಕಿಸಿ. ಈ ಕ್ರಮ ತಪ್ಪಿಸಬೇಡಿ. ಫ್ಯಾನ್ ಸರಿಯಾಗದೆ ಥರ್ಮೋಸ್ಟಾಟ್ ಹಾಕಿದರೆ ಇಂಜಿನ್ ಮತ್ತೆ ಹೀಟ್ ಆಗುತ್ತದೆ, ಹೊಸ ವಾಲ್ವ್‌ಗೆ ಕೆಟ್ಟ ಹೆಸರು. ಕೂಲಂಟ್, ಅಂದರೆ ಇಷ್ಟು ಹೊತ್ತು ನಾನು ಇಂಜಿನ್ ನೀರು ಎಂದದ್ದು, ಅದೂ ಪೂರ್ತಿ ಬದಲಾಗಲಿ. ಬೋರ್ ನೀರು ಬೆರೆಸಲು ಬಿಡಬೇಡಿ, ಬಿಂದಿಗೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ಹೀಟರ್ ಕೋರ್‌ನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬಾರದು.

ಕೊನೆಗೆ ಗ್ಯಾಸ್. ತೆಗೆದು, ತೂಗಿ, ಸ್ಟಿಕ್ಕರ್‌ನಷ್ಟು ತುಂಬಿಸಿ. ಹೊರಬಂದದ್ದು ಎಷ್ಟು ಗ್ರಾಂ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸ್ಟಿಕ್ಕರ್‌ಗಿಂತ ಜಾಸ್ತಿ ಬಂದರೆ ನಾನು ಹೇಳಿದ್ದು ಸರಿ. ತುಂಬ ಕಡಿಮೆ ಬಂದರೆ ಫ್ಯಾನ್ ಜತೆಗೆ ಸೋರಿಕೆಯೂ ಇದೆ. ಆಗ ನೈಟ್ರೋಜನ್ ಒತ್ತಡ ಹಾಕಿ ಸೋಪುನೀರಲ್ಲಿ ನೋಡಬೇಕು. ಗ್ಯಾಸ್ ಜತೆ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗದಲ್ಲಿ ಧೂಳು ಅಂಟಿ ಕಪ್ಪಗಾಗಿರುತ್ತದೆ. ಕಲ್ಲು ಬಡಿಯುವ ಕಂಡೆನ್ಸರ್‌ನ ಕೆಳಮೂಲೆ, ಪೈಪಿನ ಜೋಡಣೆಗಳು, ಗ್ಯಾಸ್ ತುಂಬುವ ಪಿನ್, ಇವನ್ನು ಮೊದಲು ನೋಡಲಿ.

ಕಂಪ್ರೆಸರ್ ನಿಜಕ್ಕೂ ಹೋಗಿದ್ದರೆ ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಬೇರೆಯೇ ಹೇಳುತ್ತದೆ. ಎಸಿ ಓಡುವಾಗ ಲೋ ಸೈಡ್, ಅಂದರೆ ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ, ಸುಮಾರು 30ರಿಂದ 45 ಪಿಎಸ್‌ಐ ಒಳಗೆ ಇರಬೇಕಾದದ್ದು 60, 70ಕ್ಕೆ ಏರಿರುತ್ತದೆ, ಹೈ ಸೈಡ್ 150 ಕೂಡ ಮುಟ್ಟುವುದಿಲ್ಲ. ಒಂದು ಕಡೆ ಎಳೆಯುತ್ತಿಲ್ಲ, ಇನ್ನೊಂದು ಕಡೆ ಒತ್ತುತ್ತಿಲ್ಲ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಗ್ಯಾಸ್ ಹೆಚ್ಚಾಗಿದೆ. ನಿಮ್ಮ ಕಾರಿಗೆ ಗೇಜ್ ಹಾಕಿದಾಗ, ಕಾರು ನಿಂತು ಹತ್ತು ನಿಮಿಷ ಆದ ಮೇಲೆ, ಎರಡೂ ಮುಳ್ಳಿನ ಫೋಟೋ ನಿಮ್ಮ ಮೊಬೈಲ್‌ನಲ್ಲೇ ತೆಗೆದುಕೊಳ್ಳಿ. ಆ ಫೋಟೋ ನೋಡದೆ ಯಾರು ಕಂಪ್ರೆಸರ್ ಅಂದರೂ ಒಪ್ಪಬೇಡಿ.

ಥರ್ಮೋಸ್ಟಾಟ್ ಹಾಕಿ, ಮುಳ್ಳು ನಡುವೆ ನಿಂತ ಮೇಲೂ ಹೀಟರ್ ತಣ್ಣಗಿದ್ದರೆ, ಇಂಜಿನ್ ಹಿಂದಿನ ಗೋಡೆಯೊಳಗೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಬಟ್ಟೆ ಹಿಡಿದು ಮುಟ್ಟಿ ನೋಡಿಸಿ. ಎರಡೂ ಬಿಸಿ ಇದ್ದರೆ ತೊಂದರೆ ಒಳಗೆ ಗಾಳಿ ತಿರುಗಿಸುವ ಬಾಗಿಲಿನಲ್ಲಿ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕಾರಿನ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ ಗಾಳಿ ಬಿಡಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಮುಂದಿನ ಸಲ ಮಡಿಕೇರಿಗೆ ಹೋದಾಗ ಗಾಜಿಗೆ ಮಂಜು ಕಟ್ಟಿದರೆ ಹೀಟರ್ ಜತೆ ಎಸಿಯನ್ನೂ ಹಾಕಿ, ಹೊರಗಿನ ಗಾಳಿ ಬರುವಂತೆ ಇಡಿ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ, ಗಾಜು ಬೇಗನೆ ತಿಳಿಯಾಗುತ್ತದೆ.